ಕೋವಿಲಕ್ಷಣ ಮೀಮಾಂಸೆ

ಅನುಬಂಧ ಚತುಷ್ಟಯವಿಲ್ಲದೆ ಯಾವ ಶಾಸ್ತ್ರಗ್ರಂಥವೂ ಆರಂಭವಾಗಕೂಡದು. ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಇತ್ಯರ್ಥ ಮಾಡಿಕೊಳ್ಳದೆ ಬಂದೂಕಿನ ಅಂಗಡಿ ಹೊಕ್ಕವನು ಗಿರಾಕಿಯಾದಾನು, ಪಂಡಿತನಾಗಲಾರ. ಮನೆಯ ಕಾವಲಿಗೂ ಪಂದ್ಯಕ್ಕೂ ತಕ್ಕ ಕೋವಿಯನ್ನು ಆರಿಸುವುದು ಹೇಗೆಂಬ ಗಹನ ಪ್ರಶ್ನೆಗೆ ಲೋಕದಲ್ಲಿ ಹಲವು ಸಂಪ್ರದಾಯಗಳಿವೆ. ಇಲ್ಲಿ ಪ್ರಮಾಣವೆಂದು ಹಿಡಿದಿರುವುದು ಕೊಡಗಿನದು. ಎರಡೂ ಕೆಲಸವನ್ನು ಒಂದೇ ಕೋವಿಯಿಂದ ಪೂರೈಸಿ, ಉಳಿದ ಹೊತ್ತಿನಲ್ಲಿ ಅದಕ್ಕೆ ಪೂಜೆಯನ್ನೂ ಮಾಡುವ ಸೀಮೆ ಅದು.

ಮೊದಲು ಅಧಿಕಾರಿ. ದೇಶದ ಉಳಿದೆಡೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆದವನೇ ಅಧಿಕಾರಿ. ಅವನೂ 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. (ಮೊದಲು ಮೂರಕ್ಕೆ ಅವಕಾಶವಿತ್ತು. ಮೂರನೆಯದನ್ನು ಬಿಟ್ಟುಕೊಟ್ಟವರ ವಿರಹಪ್ರಕರಣ ಬೇರೆಯೇ ಗ್ರಂಥವಾದೀತು.) ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ, ಅಂದರೆ 1861ರಿಂದ, ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಜಿಲ್ಲೆಯ ಗಡಿ ದಾಟುವವರಿಗೆ ಮಾತ್ರ ಒಂದು ಮಿತಿ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟಾ. ಮೈಸೂರಿನ ನೆಂಟರ ಮನೆಗೆ ಹೊರಟವರು ಇಷ್ಟರಲ್ಲೇ ಸುಧಾರಿಸಿಕೊಳ್ಳತಕ್ಕದ್ದು.

ಇನ್ನು ವಿಷಯ. ಕೋವಿ ಎರಡು ಬಗೆ: ಕೇಪಿನದು, ತೋಟಾದ್ದು. ಕೇಪಿನ ಕೋವಿಗೆ ಬಾಯಿಯ ಕಡೆಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಗಟ್ಟಿಸಿ, ಕೇಪು ಕೂರಿಸಬೇಕು. ಇಷ್ಟಾಗುವಷ್ಟರಲ್ಲಿ ಶತ್ರುವಿಗೆ ತನ್ನ ನಡತೆಯ ಬಗ್ಗೆ ಮರುಚಿಂತನೆ ಮಾಡಲು ಧಾರಾಳ ವೇಳೆ ಸಿಗುವುದರಿಂದ ಇದು ಅಹಿಂಸೆಗೆ ಹತ್ತಿರದ ಆಯುಧ. ತೋಟಾ ಕೋವಿಯಲ್ಲಿ 12 ಬೋರ್ ಶ್ರೇಷ್ಠವೆನ್ನುತ್ತಾರೆ. ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳ ಅಗಲ ಅಷ್ಟು, ಸುಮಾರು 18.5 ಮಿಲಿಮೀಟರ್. ಹಾಗಾಗಿ 16 ಬೋರ್‌ನದು 12ಕ್ಕಿಂತ ಸಣ್ಣ ನಳಿಗೆ. ಎಸ್ಸೆಸ್ಸೆಲ್ಸಿ ರ‍್ಯಾಂಕಿನಂತೆ ಇಲ್ಲಿಯೂ ಅಂಕಿ ಇಳಿದಷ್ಟೂ ಘನತೆ ಏರುತ್ತದೆ.

ಪ್ರಯೋಜನದ ವಿಚಾರದಲ್ಲಿ ವಿದ್ವಾಂಸರು ಕಾದಾಡುತ್ತಾರೆ. ಮನೆಗೆ ಕಳ್ಳ ಬರುತ್ತಾನೆ, ಅವನನ್ನು ಹೊಡೆಯಲು ಕೋವಿ ಬೇಕು ಎಂಬುದು ಪೂರ್ವಪಕ್ಷ. ಪಕ್ಕದ ಮನೆಯಲ್ಲೂ ಎದುರು ಮನೆಯಲ್ಲೂ ಕೋವಿ ಇರುವ ಊರನ್ನೇ ಆರಿಸಿಕೊಂಡು ಬರುವಷ್ಟು ದಡ್ಡನಿಗೆ 12 ಬೋರ್ ಏಕೆ, ದೊಣ್ಣೆ ಸಾಲದೇ ಎಂಬುದು ಸಿದ್ಧಾಂತಿಯ ಆಕ್ಷೇಪ. ಅವನು ವಾಸ್ತವದ ಲೆಕ್ಕವನ್ನೇ ಮುಂದಿಡುತ್ತಾನೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೊಂದು. ಎಲ್ಲವೂ ಆಕಾಶಕ್ಕೆ. ಹೀಗೆ ಹುಟ್ಟು ಸಾವಿನ ಸುದ್ದಿಯನ್ನು ಊರಾಚೆಗೆ ಮುಟ್ಟಿಸುವ ಕೋವಿಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಗುರಿಯನ್ನಲ್ಲ, ಸದ್ದನ್ನು. ಸೈಲೆನ್ಸರ್ ಈ ಶಾಸ್ತ್ರಕ್ಕೆ ಸರ್ವಥಾ ವಿರುದ್ಧ. ಅದನ್ನು ತೊಡಿಸಿದ ಮನೆಯಲ್ಲಿ ಮಗು ಹುಟ್ಟಿದ್ದು ನೆರೆಯವರಿಗೆ ನಾಮಕರಣದ ಹೊತ್ತಿಗಷ್ಟೇ ತಿಳಿದೀತು.

ಪರಿಕರ ಪ್ರಕರಣ ಹೀಗಾಗಿ ಚಿಕ್ಕದು. ದುರ್ಬೀನು, ಲೇಸರು, ಟಾರ್ಚು ಎಂದು ಪಟ್ಟಿ ಹಿಡಿದು ಬಂದವರಿಗೆ ಕೊಡಗು ಒಂದೇ ಪರಿಕರವನ್ನು ತೋರಿಸುತ್ತದೆ: ತೋಕ್ ಪೂ. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ಪೂಜೆಗಿಟ್ಟು, ನಳಿಗೆಯ ಬಾಯಿಗೆ ಸಿಕ್ಕಿಸುವ ಕೆಂಪು ಹಳದಿ ಹೂವಿದು. ಬಯಲುಸೀಮೆಯವರು ಗೌರಿಹೂ ಎಂದೋ ಅಗ್ನಿಶಿಖೆ ಎಂದೋ ಬಲ್ಲರು. ಮಳೆಗಾಲದಲ್ಲಿ ಬೇಲಿಯ ಮೇಲೆ ಬಿಟ್ಟಿ ಸಿಗುತ್ತದೆ. ಅದರ ಗೆಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ಘೋರ ವಿಷವಿದೆ. ಈಡು ತುಂಬದ ಕೋವಿಗಿಂತ ಅದರ ಅಲಂಕಾರವೇ ಹೆಚ್ಚು ಅಪಾಯಕಾರಿಯಾಗಿರುವ ಉದಾಹರಣೆ ಆಯುಧಚರಿತ್ರೆಯಲ್ಲಿ ಹೆಚ್ಚಿರಲಾರದು.

ಪಂದ್ಯದಲ್ಲಿ ಎರಡು ಮತ. ಒಲಿಂಪಿಕ್ಸ್ ಮತದವರ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಹೊಡೆಯುವ ಗುಂಡು 4.5 ಮಿಲಿಮೀಟರ್, ಎಂದರೆ ಗುಂಡಿಗಿಂತ ಗುರಿಯೇ ಒಂಬತ್ತು ಪಟ್ಟು ಸಣ್ಣದು. ಇದಕ್ಕಾಗಿ ಬಿರುಸಾದ ಕೋಟು, ಬಿರುಸಾದ ಷರಾಯಿ, ಚಪ್ಪಟೆ ಅಟ್ಟೆಯ ಬೂಟು, ಒಂದು ಕಣ್ಣಿಗೆ ಮರೆ. ಉಪಕರಣವನ್ನು ನಂಬಿದವರ ಪಾಡು ಟೋಕಿಯೊದಲ್ಲಿ ಕಂಡಿತು: ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು, ರಿಪೇರಿಯಲ್ಲಿ ಹೊತ್ತು ಹೋಗಿ, ಫೈನಲ್ ತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಅವರು ಸರಬ್ಜೋತ್ ಸಿಂಗ್ ಜೊತೆ ಕಂಚು ಗೆದ್ದರು. ಅದೇ ಮಿಶ್ರ ತಂಡದ ಸ್ಪರ್ಧೆಯಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿನಲ್ಲಿಟ್ಟು, ಜೊತೆಗಾತಿಯೊಂದಿಗೆ ಬೆಳ್ಳಿ ಒಯ್ದು ಪರಿಕರವಾದಿಗಳ ಬಾಯಿ ಮುಚ್ಚಿಸಿದರು. ಆ ವರ್ಷ ಚಿನ್ನ ಗೆದ್ದ ಸರ್ಬಿಯಾದ ಜೋಡಿಯ ಹೆಸರು ಎಷ್ಟು ಜನಕ್ಕೆ ನೆನಪಿದೆ ಎಂಬುದು ಬೇರೆ ಮಾತು.

ಕೊಡಗಿನ ಮತದಲ್ಲಿ ಗುರಿ ತೆಂಗಿನಕಾಯಿ. ಹಬ್ಬದ ದಿನ ಎತ್ತರದ ಮರದ ತುದಿಗೆ ಅದನ್ನು ಕಟ್ಟಿ ಊರವರೆಲ್ಲ ಸೇರಿ ಹೊಡೆಯುತ್ತಾರೆ. ಇಲ್ಲಿ ದಶಮಾಂಶವಿಲ್ಲ. ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ. ತೀರ್ಪುಗಾರನ ಜೊತೆ ತಕರಾರಿಗೆ ಎಡೆಯೇ ಇಲ್ಲ. ಗೆದ್ದವನಿಗೂ ಸೋತವನಿಗೂ ಪಂದಿಕರಿ, ಕಡಂಬಿಟ್ಟು ಸಮಾನ. ಅಂತರರಾಷ್ಟ್ರೀಯ ನಿಯಮಾವಳಿ ಈ ಮಟ್ಟಕ್ಕೆ ಇನ್ನೂ ಬೆಳೆದಿಲ್ಲ.

ಉಳಿದದ್ದು ಸಂಬಂಧ. ಅದು ಪೊಲೀಸ್ ಠಾಣೆಯೊಂದಿಗೆ. ಚುನಾವಣೆ ಘೋಷಣೆಯಾದರೆ ಸಾಕು, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಮಲೆನಾಡು, ಕರಾವಳಿಯ ರೈತರಿಗೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಎಂಬ ಸೂಚನೆ ಬರುತ್ತದೆ. ಕೆಲವರು ಅದರ ವಿರುದ್ಧ ಹೈಕೋರ್ಟಿಗೂ ಹೋಗಿದ್ದಾರೆ. ಕಾಡುಹಂದಿಗಳಿಗೆ ನೀತಿಸಂಹಿತೆ ಅನ್ವಯವಾಗುವುದೇ ಎಂಬ ಬಗ್ಗೆ ಚುನಾವಣಾ ಆಯೋಗದ ಸ್ಪಷ್ಟೀಕರಣವನ್ನು ಈ ಶಾಸ್ತ್ರದ ವಿದ್ವಾಂಸರು ಎದುರು ನೋಡುತ್ತಿದ್ದಾರೆ. ಹಂದಿಗಳಂತೂ ಅಷ್ಟರವರೆಗೆ ಕಾಯುವ ಪೈಕಿಯಲ್ಲ.