ಇಳಿತದ ಹೊತ್ತಿಗೆ ಬನ್ನಿ

ಡಿಸೆಂಬರ್ ಬಂತೆಂದರೆ ಹೊನ್ನಾವರದ ಹೆದ್ದಾರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳದೇ ಮೆರವಣಿಗೆ. ಮುಂದಿನ ಗಾಜಿಗೆ ಶಾಲೆಯ ಹೆಸರಿನ ಬ್ಯಾನರು, ಕಿಟಕಿಯ ಸರಳಿಗೆ ಒಣಹಾಕಿದ ಟವೆಲು, ಒಳಗೆ ಗಂಟಲು ಕಟ್ಟಿದರೂ ನಿಲ್ಲದ ಅಂತ್ಯಾಕ್ಷರಿ. ಜೋಗ ನೋಡಿ ಘಟ್ಟ ಇಳಿದು, ಇಡಗುಂಜಿಯ ಗಣಪತಿಗೆ ಕೈಮುಗಿದು, ಮುರುಡೇಶ್ವರದ 123 ಅಡಿ ಎತ್ತರದ ಶಿವನ ಕೆಳಗೆ ಗ್ರೂಪ್ ಫೋಟೊ ತೆಗೆಸಿಕೊಂಡು, ಕತ್ತಲಾಗುವುದರೊಳಗೆ ಗೋಕರ್ಣ ಮುಟ್ಟಬೇಕು. ಇಷ್ಟರ ನಡುವೆ ಎಲ್ಲೋ ಒಂದು ಕಡೆ, ಮುಖ್ಯೋಪಾಧ್ಯಾಯರ ಕೈಯಲ್ಲಿರುವ ಪಟ್ಟಿಯಲ್ಲಿ ‘ಪರಿಸರ ಅಧ್ಯಯನ: 20 ನಿಮಿಷ’ ಎಂದಿರುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ಬಸ್ಸು ಬಂದು ನಿಲ್ಲುವುದು ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಾಗಿಲಲ್ಲಿ.

ಶರಾವತಿ ಕಡಲು ಸೇರುವ ಅಳಿವೆಯ ಬದಿಗೆ, ಹೆದ್ದಾರಿಯಿಂದ ನಾಲ್ಕು ಹೆಜ್ಜೆ ಒಳಕ್ಕೆ, ಅರಣ್ಯ ಇಲಾಖೆಯವರು ಕಾಂಡ್ಲಾ ಮರಗಳ ನಡುವೆ ಹಲಗೆಯ ಕಾಲುಹಾದಿ ಮಾಡಿದ್ದಾರೆ. ಕಾಲಿಗೆ ಕೆಸರು ತಾಗದ ಹಾಗೆ ಕೆಸರಿನ ಮೇಲೆ ನಡೆದುಹೋಗಬಹುದು. ಜೋಗದಲ್ಲಿ ಬೆಟ್ಟದಿಂದ ಹಾರಿ ಅಷ್ಟೆಲ್ಲ ಸದ್ದು ಮಾಡಿದ ಹೊಳೆ ಇಲ್ಲಿಗೆ ಬರುವಾಗ ನಿವೃತ್ತ ನೌಕರರ ಗತ್ತಿನಲ್ಲಿರುತ್ತದೆ. ಹೊಳೆಯ ಮೇಲೆ ಕೊಂಕಣ ರೈಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ಹಾದಿಯಲ್ಲಿರುವಾಗ ಗಾಡಿ ಬಂದುಬಿಟ್ಟರೆ ಪರಿಸರ ಅಧ್ಯಯನ ಅಲ್ಲಿಗೆ ಮುಗಿಯಿತು. ಡಬ್ಬಿ ಎಣಿಸದ ಮಕ್ಕಳನ್ನು ನಾನಿನ್ನೂ ನೋಡಿಲ್ಲ. ಮೇಷ್ಟರೂ ಎಣಿಸುತ್ತಾರೆ, ಬಾಯಿ ತೆರೆಯದೆ.

ತೊಂದರೆ ಇರುವುದು ಬೇರೆ ಕಡೆ. ಬಸ್ಸಿಗೊಂದು ವೇಳಾಪಟ್ಟಿ ಇರುವ ಹಾಗೆ ಕಡಲಿಗೂ ಒಂದಿದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅದೂ ನಿನ್ನೆಯ ಹೊತ್ತಿಗೇ ಇವತ್ತಿಲ್ಲ, ಸುಮಾರು 50 ನಿಮಿಷ ತಡ. ಚಂದ್ರ ದಿನದಿನಕ್ಕೂ ತಡವಾಗಿ ಹುಟ್ಟುವುದರಿಂದ ನೀರೂ ಅವನ ಹಿಂದೆಯೇ ತಡ ಮಾಡುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಚೀಚೆ ನೀರು ಮೇಲಕ್ಕೂ ಹೆಚ್ಚು ಏರುತ್ತದೆ, ಕೆಳಕ್ಕೂ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಮೀನುಗಾರರ ಕೇರಿಯ ಮಕ್ಕಳಿಗೆ ಇದು ಎರಡರ ಮಗ್ಗಿಗಿಂತ ಮೊದಲೇ ಬಂದಿರುತ್ತದೆ. ಘಟ್ಟದ ಮೇಲಿನಿಂದ ಬರುವ ಬಸ್ಸಿನಲ್ಲಿ ಮಾತ್ರ ಯಾರೂ ಪಂಚಾಂಗ ನೋಡಿ ಹೊರಟಿರುವುದಿಲ್ಲ. ಕಾಂಡ್ಲಾ ಕಾಡಿನ ಸಂಸಾರವೆಲ್ಲ ಬಯಲಿಗೆ ಬರುವುದು ನೀರು ಇಳಿದಾಗ. ತುಂಬು ಉಬ್ಬರದಲ್ಲಿ ಬಂದಿಳಿದ ಮಕ್ಕಳಿಗೆ ಕಾಣುವುದು ಮೇಲೆ ಎಲೆ, ಕೆಳಗೆ ನೀರು. ಏಡಿ ತೋರಿಸಿ ಎಂದರೆ ಫಲಕದ ಮೇಲೆ ಬರೆದ ಏಡಿಯನ್ನೇ ತೋರಿಸಬೇಕು.

“ಸರ್, ಇನ್ನೆರಡು ತಾಸು ಬಿಟ್ಟು ಬಂದ್ರೆ ಎಲ್ಲಾ ಕಾಣ್ತದೆ” ಎಂದು ಅಲ್ಲಿ ವಿವರಣೆ ಕೊಡುವ ಹುಡುಗ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ಎರಡು ತಾಸು ಬಿಟ್ಟು ನಾವು ಗೋಕರ್ಣದಲ್ಲಿ ಊಟಕ್ಕೆ ಕೂತಿರಬೇಕಲ್ರೀ” ಎಂದರು ಮೇಷ್ಟ್ರು. ಇಬ್ಬರ ಮಾತೂ ಸರಿ.

ನೆಂಟರು ಬಂದರೆ ಕರೆದುಕೊಂಡು ಹೋಗಲು ನಮಗೆ ಹತ್ತಿರದ ಜಾಗ ಇದೇ. ಹೋದ ವರ್ಷ ದಾವಣಗೆರೆಯ ಭಾವನವರು ಬಂದಿದ್ದರು. ಅಡಿಕೆ ವ್ಯಾಪಾರದವರು, ಕಾಸು ಕೊಟ್ಟದ್ದಕ್ಕೆ ಕಣ್ಣೆದುರು ಮಾಲು ಇರಬೇಕು. ಟಿಕೆಟ್ಟು ಹರಿಸಿಕೊಂಡು ಒಳಗೆ ಬಂದು, ಹಲಗೆಯ ಮೇಲೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, “ಏನೈತಪಾ ಇಲ್ಲಿ? ಬರೇ ರಾಡಿ. ರಾಡಿ ನೋಡಾಕೂ ರೊಕ್ಕನ?” ಎಂದರು. ಮೇಲಾಗಿ ಮೂಗಿಗೆ ಕರ್ಚೀಫು ಹಿಡಿದಿದ್ದರು. ಆ ಹುಡುಗ ಇಂಥವರನ್ನು ಬೇಕಾದಷ್ಟು ಕಂಡಿದ್ದಾನೆ. “ಕೊಳೆತ ಮೊಟ್ಟೆ ವಾಸನೆ ಅಲ್ವಾ ಸರ್? ಈ ಕೆಸರಿನ ಒಳಗೆ ಗಾಳಿ ಇಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೊಳೆತ ಎಲೆ ತಿಂದು ಗಂಧಕದ ಅನಿಲ ಬಿಡ್ತವೆ. ಗಾಳಿ ಸಿಗದ್ದಕ್ಕೇ ಮರ ಬೇರನ್ನ ಮೇಲಕ್ಕೆ ಕಳಿಸಿದ್ದು, ಅಲ್ಲಿ ನೋಡಿ.” ಕೆಸರಿನಿಂದ ನೂರಾರು ಬೇರಿನ ತುದಿಗಳು ನೆಟ್ಟಗೆ ನಿಂತಿದ್ದವು. ಮರದ ಮೂಗೇ ನೆಲದಿಂದ ಮೇಲೆ ಬಂದಿರುವಾಗ ತಾವು ಮೂಗು ಮುಚ್ಚಿಕೊಂಡಿರುವುದು ಸರಿಯಲ್ಲ ಎನಿಸಿತೋ ಏನೋ, ಭಾವ ಕರ್ಚೀಫು ಜೇಬಿಗಿಳಿಸಿದರು.

ಆಮೇಲೆ ಹುಡುಗ ತನ್ನ ನಂಬಿಕಸ್ತ ಪಾಠ ತೆಗೆದ. ಅವಿಸೀನಿಯ ಜಾತಿಯ ಗಿಡದ ಎಲೆಯೊಂದನ್ನು ಬಗ್ಗಿಸಿ ಹಿಡಿದು, ನೆಕ್ಕಿ ನೋಡಿ ಎಂದ. ಬೇರಿನಿಂದ ಒಳಗೆ ಬಂದ ಉಪ್ಪನ್ನು ಈ ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಬಿಸಿಲಿಗೆ ನೀರು ಆರಿ ಎಲೆಯ ಮೇಲೆ ಉಪ್ಪಿನ ಪುಡಿ ಉಳಿಯುತ್ತದೆ. ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡರೆ ತಿಳಿಯುತ್ತದೆ. ಭಾವನವರಿಗೆ ರಕ್ತದೊತ್ತಡ. ಅಕ್ಕ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಕಣ್ಣಿಗೆ ಬೀಳದ ಹಾಗೆ ಇಡುತ್ತಾಳೆ. ಇಲ್ಲಿ ಗಿಡವೇ ಕೈನೀಡಿ ಕೊಡುತ್ತಿದೆ, ಕೊಡಿಸುತ್ತಿರುವುದು ಸರ್ಕಾರ. ಅವರು ಎಷ್ಟು ಎಲೆ ಪರೀಕ್ಷಿಸಿದರು ಎಂದು ನಾನು ಊರಿಗೆ ಫೋನು ಮಾಡಿ ಹೇಳಲಿಲ್ಲ.

ಅಷ್ಟರಲ್ಲಿ ನೀರು ಇಳಿಯುತ್ತಿತ್ತು. ಮೊದಲು ಬಂದದ್ದು ಒಂದು ಕೈ ಮಾತ್ರ ದೊಡ್ಡದಿರುವ ಏಡಿ. ಗಂಡೇಡಿಗೆ ಆ ಕೈ ಹೆಣ್ಣನ್ನು ಕರೆಯುವುದಕ್ಕೆ, ಪಕ್ಕದ ಗಂಡನ್ನು ಹೆದರಿಸುವುದಕ್ಕೆ, ಊಟಕ್ಕೆ ಉಪಯೋಗವಿಲ್ಲ. ಉಣ್ಣುವುದೇನಿದ್ದರೂ ಉಳಿದ ಸಣ್ಣ ಕೈಯಲ್ಲಿ. ಹೆಣ್ಣೇಡಿ ಮಾತ್ರ ಎರಡೂ ಕೈಯಿಂದ ಸಾವಕಾಶ ಕೆಸರು ತೆಗೆದು ಬಾಯಿಗಿಡುತ್ತ, ಎದುರಿಗೆ ಕೈ ಬೀಸುತ್ತಿರುವವನ ಕಡೆ ಲಕ್ಷ್ಯವೇ ಇಲ್ಲದೆ ಕೂತಿರುತ್ತದೆ. ಆಮೇಲೆ ತಲೆಯ ಮೇಲೆ ಕಣ್ಣಿರುವ ಮಡ್‌ಸ್ಕಿಪ್ಪರ್ ಎಂಬ ಮೀನು ಹೊರಬಂದು, ಈಜು ರೆಕ್ಕೆಯನ್ನು ಊರುಗೋಲು ಮಾಡಿಕೊಂಡು ನಡೆಯತೊಡಗಿತು. ಕಿವಿರಿನ ಗೂಡಿನಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡುತ್ತ ಅದು ನೀರಿಲ್ಲದ ಕಡೆ ಓಡಾಡಬಲ್ಲದು. ಕೊಂಬೆಗಳಲ್ಲಿ ನುಗ್ಗೆಕಾಯಿಯ ಹಾಗೆ ಜೋತುಬಿದ್ದಿದ್ದವು ರೈಜೋಫೊರಾ ಎಂಬ ಕಾಂಡ್ಲಾ ಮರದ ಸಸಿಗಳು. ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದವಾಗಿ, ಬಿದ್ದಲ್ಲಿ ನೆಟ್ಟಗೆ ಕೆಸರಿಗೆ ಚುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ತೇಲಿಹೋಗಿ ಬೇರೆ ದಡ ಹಿಡಿಯುತ್ತದೆ. “ಏನೈತಪಾ ಇಲ್ಲಿ” ಎಂದವರನ್ನು ಅಲ್ಲಿಂದ ಎಬ್ಬಿಸಲು ಊಟದ ಆಸೆ ತೋರಿಸಬೇಕಾಯಿತು.

ಇಷ್ಟನ್ನೂ ಪುಸ್ತಕದಲ್ಲಿ ಓದಬಹುದು, ನಿಜ. ಕನ್ನಡದ ಮಕ್ಕಳಿಗೆ ಹಾಗೆ ಓದಲು ಮೊದಲು ಕೊಟ್ಟವರಲ್ಲಿ ಮುಖ್ಯರು ಇದೇ ಕರಾವಳಿಯ ಕೋಟದವರು. ಶಿವರಾಮ ಕಾರಂತರು ಒಬ್ಬರೇ ಕೂತು ‘ಬಾಲ ಪ್ರಪಂಚ’ ಬರೆದರು, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಪಾಠ ಹೇಳುವುದು ಅಲ್ಲಿಗೂ ಮುಗಿಯಲಿಲ್ಲ. ಕೈಗಾ ಅಣುಸ್ಥಾವರ ಬೇಡವೆಂದು 1989ರಲ್ಲಿ, ಎಂಬತ್ತೇಳರ ಹರೆಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಜಿಲ್ಲೆಯ ಉದ್ದಕ್ಕೂ ಅಷ್ಟು ದೊಡ್ಡ ಪರಿಸರ ಶಿಬಿರ ಮತ್ತೆ ನಡೆದಿಲ್ಲ ಎಂಬುದು ನನ್ನ ಅಭಿಪ್ರಾಯ. ಮತ ಎಣಿಕೆಯನ್ನು ಹಾಜರಾತಿ ಎಂದುಕೊಂಡರಾಯಿತು.

ಈಗ ಕಲಿಸುವ ಹೊಣೆ ಹೊತ್ತವರಲ್ಲಿ ಹೊರದೇಶದವರೂ ಇದ್ದಾರೆ. ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿತು. ಆ ನೀಲಿ ಬಾವುಟ ಹಾರಬೇಕಾದರೆ 33 ಷರತ್ತು. ನೀರಿನ ಗುಣ, ಶೌಚಾಲಯ, ಜೀವರಕ್ಷಕರು ಎಲ್ಲ ಸರಿ. ಪಟ್ಟಿ ಶುರುವಾಗುವುದು ಮಾತ್ರ ಪರಿಸರ ಶಿಕ್ಷಣದಿಂದ. ಬಂದವರಿಗೆ ವರ್ಷದಲ್ಲಿ ಕನಿಷ್ಠ ಐದು ಬಗೆಯ ಕಾರ್ಯಕ್ರಮ ಮಾಡಿ ತೋರಿಸಬೇಕು. ಬಾವುಟ ಕೊಡುವ ಸಂಸ್ಥೆ ಇರುವುದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅಲ್ಲಿಯ ಕಚೇರಿಯ ಲೆಕ್ಕಕ್ಕೆ ಇಲ್ಲಿಯ ಬಾಲಕಿಯರು ಕಡಲ ಕಸದ ಬಗ್ಗೆ ಚಿತ್ರ ಬರೆಯುತ್ತಾರೆ. ನಗುವುದೇನೂ ಬೇಡ, ಷರತ್ತುಗಳಲ್ಲಿ ವಿವೇಕವಿದೆ. ಅಲೆ ತಂದು ಹಾಕಿದ ಪಾಚಿ ಜನಕ್ಕೆ ತೊಂದರೆ ಕೊಡದಿದ್ದರೆ ಅದನ್ನು ಗುಡಿಸದೆ ಹಾಗೇ ಬಿಡಿ ಎಂಬುದೂ ಅವುಗಳಲ್ಲೊಂದು. ನಮ್ಮ ಜನಕ್ಕೆ ಇದು ಒಗ್ಗುವುದು ಕಷ್ಟ. ಸ್ವಚ್ಛತೆ ಎಂದರೆ ನಮಗೆ ಸಾರಿಸಿದ ಅಂಗಳ. ಇಂಥದೊಂದು ಕಾಂಡ್ಲಾ ಕಾಡಿನ ಸಂದರ್ಶಕರ ಪುಸ್ತಕದಲ್ಲಿ, ಸಲಹೆಗಳ ಅಂಕಣದಲ್ಲಿ, ದುಂಡಾದ ಅಕ್ಷರದಲ್ಲಿ ಒಬ್ಬರು ಬರೆದದ್ದನ್ನು ಓದಿದ್ದೇನೆ: ‘ಜಾಗ ಚೆನ್ನಾಗಿದೆ. ಕೆಸರನ್ನು ಮಾತ್ರ ಆದಷ್ಟು ಬೇಗ ತೆಗೆಸಬೇಕು.’

ಅದೇ ಕೆಸರಿನಲ್ಲಿ ಮಂಡಿಯವರೆಗೆ ನಿಂತು ಬದುಕುವವರು ಈ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಉತ್ತರಕ್ಕೆ ಹೋದರೆ, ಕುಮಟಾದ ಹತ್ತಿರ ಅಘನಾಶಿನಿಯ ಅಳಿವೆ ಇದೆ. 2024ರ ಜನವರಿ ಕೊನೆಗೆ 4,801 ಹೆಕ್ಟೇರಿನ ಆ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಹೆಂಗಸರು ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿದು, ಕಾಲಬೆರಳಿನಲ್ಲಿ ತಡಕಿ ಬೆಳಚು ಎಂಬ ಚಿಪ್ಪನ್ನು ಎತ್ತುತ್ತಾರೆ. ಗಜನಿ ಎಂಬ ಹಿನ್ನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಉಪ್ಪುನೀರು ಲೆಕ್ಕಕ್ಕಿಲ್ಲ. ಇಂಥ ಕಡೆಗಳಲ್ಲಿ ಅಧ್ಯಯನ ಶಿಬಿರಕ್ಕೆ ಬಂದ ಕಾಲೇಜು ಮಕ್ಕಳು ನೋಟ್‌ಬುಕ್ಕು ಬಿಚ್ಚಿ, “ಅಮ್ಮಾ, ನೀವು ಎಷ್ಟು ವರ್ಷದಿಂದ ಈ ಪರಿಸರದ ಜೊತೆ ಸಂಬಂಧ ಹೊಂದಿದ್ದೀರಿ?” ಎಂದು ಕೇಳುತ್ತಾರೆ. ನಾನು ಕೇಳಿಸಿಕೊಂಡ ಉತ್ತರ ಇದು: “ಮಾತಾಡೂದೆಲ್ಲ ಭರತ ಬಂದ್ಮೇಲೆ. ಈಗ ನೀರ್ ಇಳ್ದಿದೆ, ಅಡ್ಡ ನಿಲ್ಬೇಡಿ.” ಇಂಥವರನ್ನು ಸಂಪನ್ಮೂಲ ವ್ಯಕ್ತಿ ಎಂದು ವೇದಿಕೆಗೆ ಕರೆದು ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ. ಕರೆದರೆ ಬರುತ್ತಾರೆಂಬ ಭರವಸೆಯೂ ಇಲ್ಲ. ಕಾರ್ಯಕ್ರಮ ಇಳಿತದ ಹೊತ್ತಿಗೆ ಇಟ್ಟಿದ್ದರೆ ಖಂಡಿತ ಬರಲಾರರು.

ವೇದಿಕೆ ಎಂದಾಗ ಆಮೆಗಳ ಸಂಗತಿ ಹೇಳಬೇಕು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಹೋಗುತ್ತವೆ. ನಾಯಿ ನರಿ ಅಗೆಯದ ಹಾಗೆ ಬಲೆ ಕಟ್ಟಿ ಕಾಯುವುದು ಇಲಾಖೆಯವರು ಮತ್ತು ಊರಿನವರು. ಮರಿ ಹೊರಬರಲು 45ರಿಂದ 60 ದಿನ. ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮರಳಿನ ಬಿಸಿ: ತಂಪಿದ್ದರೆ ಗಂಡು ಹೆಚ್ಚು, ಬಿಸಿಯಿದ್ದರೆ ಹೆಣ್ಣು ಹೆಚ್ಚು. ಹೊರಬಂದ ಮರಿ ಬೆಳಕು ಹೆಚ್ಚಿರುವ ದಿಕ್ಕಿಗೆ ಓಡುತ್ತದೆ. ಹಿಂದಿನ ಕಾಲಕ್ಕೆ ರಾತ್ರಿ ಬೆಳಕು ಹೆಚ್ಚಿರುತ್ತಿದ್ದದ್ದು ಕಡಲಿನ ಕಡೆಗೇ. ಈಗ ರೆಸಾರ್ಟಿನ ಕಡೆಗೆ. ಹೊಟ್ಟೆಯಲ್ಲಿ ಉಳಿದ ಹಳದಿಯ ಬಲದಿಂದ ಅದು ಮೊದಲ ಒಂದು ದಿನ ಬಿಡದೆ ಈಜಿ ದಡದಿಂದ ದೂರವಾಗಬೇಕು. ಕಡಲಿಗೆ ಬಿಡದೆ ಬುಟ್ಟಿಯಲ್ಲಿ ಇಟ್ಟುಕೊಂಡು ಕೂತರೆ ಆ ಬಲವೆಲ್ಲ ಬುಟ್ಟಿಯ ಗೋಡೆ ಗೀರುವುದರಲ್ಲೇ ಖರ್ಚಾಗುತ್ತದೆ.

ಒಂದು ಊರಿನಲ್ಲಿ ಮರಿ ಬಿಡುವುದನ್ನು ಸಾರ್ವಜನಿಕ ಕಾರ್ಯಕ್ರಮವಾಗಿ ಇಟ್ಟುಕೊಂಡಿದ್ದರು. ಆಮಂತ್ರಣದಲ್ಲಿ ಬೆಳಿಗ್ಗೆ 6.30. ಶಾಲಾ ಮಕ್ಕಳು ಆರಕ್ಕೇ ಹಗ್ಗದ ಈಚೆ ಸಾಲಾಗಿ ಕೂತಿದ್ದರು. ಶಾಮಿಯಾನ, ಮೈಕು, ಹಾರ, ಹಣ್ಣಿನ ಬುಟ್ಟಿ, ಆಮೆಯ ಬುಟ್ಟಿ ಎಲ್ಲವೂ ಸಿದ್ಧ. ಮುಖ್ಯ ಅತಿಥಿಗಳು ಮಾತ್ರ ದಾರಿಯಲ್ಲಿದ್ದರು. ಏಳಾಯಿತು. ದಾರಿಯಲ್ಲೇ ಇದ್ದರು. ಸಂಘಟಕರು ಫೋನು ನೋಡುತ್ತಾರೆ, ಬುಟ್ಟಿ ನೋಡುತ್ತಾರೆ, ಆಕಾಶ ನೋಡುತ್ತಾರೆ. ಮೇಲೆ ಕಾಗೆಗಳು ಆಮಂತ್ರಣವಿಲ್ಲದೆ ಬಂದಿದ್ದವು. ಕೇರಿಯ ಹಿರಿಯರೊಬ್ಬರು ಬೀಡಿ ಆರಿಸಿ ಎದ್ದು, “ಬಿಸಿಲೇರಿದ್ರೆ ಮರಳು ಕಾಯ್ತದೆ ಮಾರಾಯ್ರೆ. ಅವರನ್ನ ಕಾಯೂದಾದ್ರೆ ನೀವು ಕಾಯಿರಿ, ಅವನ್ನ ಬಿಡಿ” ಎಂದರು. ಸಂಘಟಕರಿಗೆ ಯಾರಾದರೂ ಹೀಗೆ ಹೇಳುವುದೇ ಬೇಕಿತ್ತೆಂದು ತೋರುತ್ತದೆ. ನೀರಿನಿಂದ ಸ್ವಲ್ಪ ದೂರದಲ್ಲಿ ಬುಟ್ಟಿ ಬಗ್ಗಿಸಿದರು. ಎತ್ತಿಕೊಂಡು ಹೋಗಿ ನೀರಿಗೆ ಹಾಕಬಾರದು, ಮರಳಿನ ಮೇಲೆ ಅವೇ ನಡೆಯಬೇಕು. ಮಕ್ಕಳು ಒಂದೊಂದು ಮರಿಗೆ ಒಂದೊಂದು ಕ್ರಿಕೆಟ್ ಆಟಗಾರನ ಹೆಸರಿಟ್ಟು ಕೂಗತೊಡಗಿದರು. ತಿರುಗಿ ಶಾಮಿಯಾನದ ಕಡೆ ಹೊರಟ ಒಂದು ಮರಿಯನ್ನು ಬಿಟ್ಟರೆ ಉಳಿದವು ಯಾರ ಮಾತೂ ಕೇಳದೆ ನೀರು ಸೇರಿದವು.

ಅತಿಥಿಗಳು ಬಂದಾಗ ಎಂಟು ದಾಟಿತ್ತು. “ಎಲ್ಲಿ ಆಮೆ?” ಎಂದರು. “ಸರ್, ಅವು ಮುಂದೆ ಹೋದ್ವು” ಎಂದರು ಸಂಘಟಕರು. ಅತಿಥಿಗಳು ಬೇಸರಪಡಲಿಲ್ಲ. ಖಾಲಿ ಬುಟ್ಟಿಯ ಜೊತೆ ಫೋಟೊ ಆಯಿತು, ಹಾರ ಆಯಿತು, ಪ್ರಕೃತಿಯ ಮಡಿಲಿನ ಬಗ್ಗೆ ಭಾಷಣವೂ ಆಯಿತು. ಕೊನೆಗೆ ವಂದನಾರ್ಪಣೆಗೆ ಏಳನೇ ತರಗತಿಯ ಹುಡುಗಿ ಬಂದಳು. ಹಿಂದಿನ ದಿನವೇ ಟೀಚರು ಬರೆದುಕೊಟ್ಟ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತದೆ, ಒಂದೇ ಉಸಿರಿಗೆ ಓದಿದಳು: “ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು, ಸಮಯಕ್ಕೆ ಸರಿಯಾಗಿ ಆಗಮಿಸಿದ ಮುಖ್ಯ ಅತಿಥಿಗಳಿಗೆ...” ಹಗ್ಗದ ಈಚೆ ಮೊದಲು ಒಬ್ಬ ಹುಡುಗ ಕಿಸಕ್ಕೆಂದ, ಆಮೇಲೆ ಇಡೀ ಶಾಮಿಯಾನ. ಎಲ್ಲರಿಗಿಂತ ಜೋರಾಗಿ ನಕ್ಕವರು ಅತಿಥಿಗಳೇ. ಹುಡುಗಿ ಮಾತ್ರ ನಗಲಿಲ್ಲ. ಬೆರಳಿಟ್ಟ ಸಾಲು ಬಿಡದೆ, ಆಸನ ವ್ಯವಸ್ಥೆ ಮಾಡಿದವರಿಗೂ ಉಪ್ಪಿಟ್ಟು ಮಾಡಿದವರಿಗೂ ವಂದನೆ ಸಲ್ಲಿಸಿಯೇ ಕೆಳಗಿಳಿದಳು.