ಮುಮ್ಮೇಳಕ್ಕೂ ಸೇರದ, ಹಿಮ್ಮೇಳಕ್ಕೂ ಸೇರದ ವೇಷ

ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರೂ ಮದ್ದಳೆ-ಚೆಂಡೆಗಳವರೂ ಸೇರಿ ಹಿಮ್ಮೇಳವೆನಿಸುತ್ತಾರೆ, ವೇಷ ಕಟ್ಟಿ ಕುಣಿದು ಅರ್ಥ ಹೇಳುವವರು ಮುಮ್ಮೇಳವೆನಿಸುತ್ತಾರೆ. ಆದರೆ ಈ ಎರಡಕ್ಕೂ ಸೇರದೆ, ಸಂಬಳವಿಲ್ಲದೆ, ಕರೆಯಿಲ್ಲದೆ, ದೀಪಾವಳಿಯ ಅನಂತರ ಮೇಳಗಳು ತಿರುಗಾಟಕ್ಕೆ ಹೊರಟಂದಿನಿಂದ ಮೇ ತಿಂಗಳ ಕೊನೆಯ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೂ ತಪ್ಪದೆ ಹಾಜರಿರುವ ಇನ್ನೊಂದು ವೇಷವುಂಟು. ಕಾಸರಗೋಡಿನಿಂದ ಕಾರವಾರದವರೆಗೆ ಈ ವೇಷವನ್ನು ಕಾಣದ ಊರಿಲ್ಲ. ನೆರೆಕರೆಯವರು ಅವನಿಗೆ ಆಟದ ಹುಚ್ಚು ಎನ್ನುತ್ತಾರೆ. ಅವನಾದರೋ ತನ್ನನ್ನು ಮರ್ಮಜ್ಞನೆಂದು ತಿಳಿದಿರುತ್ತಾನೆ. ಹುಚ್ಚಿನವನು ಆಟವನ್ನು ನೋಡಿ ಖುಷಿಪಡುತ್ತಾನೆ, ಮರ್ಮಜ್ಞನು ಆಟವನ್ನು ನೋಡಿ ನೊಂದುಕೊಳ್ಳುತ್ತಾನೆ, ಮತ್ತು ಹಾಗೆ ನೊಂದುಕೊಳ್ಳುವ ಅವಕಾಶ ತಪ್ಪೀತೆಂಬ ಭಯದಿಂದ ಮರುದಿನ ಪಕ್ಕದೂರಿನ ಆಟಕ್ಕೂ ಹೋಗುತ್ತಾನೆ.

ಅವನ ಪರಿಚಯವಾಗುವುದು ತಿಟ್ಟಿನ ವಿಚಾರಣೆಯಿಂದ. ತಿಟ್ಟು ಎಂದರೆ ಪ್ರಾದೇಶಿಕ ಶೈಲಿ. ಸ್ಥೂಲವಾಗಿ ಉಡುಪಿಯಿಂದ ದಕ್ಷಿಣದ್ದು ತೆಂಕು, ಉತ್ತರದ್ದು ಬಡಗು, ಬಡಗಿನಲ್ಲಿಯೂ ಉತ್ತರ ಕನ್ನಡದ ಕಡೆಯದು ಬಡಾಬಡಗು. ತೆಂಕಿನಲ್ಲಿ ವೇಷಧಾರಿಯು ಗಾಳಿಯಲ್ಲಿ ಸುತ್ತುತ್ತ ಹಾರುವ ಧಿಗಿಣಕ್ಕೆ ಹೆಸರಾದರೆ, ಬಡಗಿನಲ್ಲಿ ಮೊಣಕಾಲೂರಿ ರಂಗಸ್ಥಳವನ್ನೆಲ್ಲ ಸುತ್ತುವ ಮಂಡಿ ಕುಣಿತಕ್ಕೆ ಚಪ್ಪಾಳೆ ಬೀಳುತ್ತದೆ. ಬಡಗಿನ ಮರ್ಮಜ್ಞನು ಧಿಗಿಣವನ್ನು ವ್ಯಾಯಾಮಶಾಲೆಗೆ ಸೇರಿಸುತ್ತಾನೆ. ತೆಂಕಿನವನು, ಎರಡು ಕಾಲಿದ್ದೂ ಮಂಡಿಯಲ್ಲಿ ತಿರುಗುವ ದರ್ದೇನಿತ್ತೆಂದು ಕೇಳುತ್ತಾನೆ. ಮೂರನೆಯವನೊಬ್ಬನು ಬಂದು ಕಥಕಳಿಯನ್ನು ಹೊಗಳಿದಾಗ ಮಾತ್ರ ಇಬ್ಬರೂ ಒಂದಾಗುತ್ತಾರೆ. ಬಡಗು ಒಳಜಗಳವಿಲ್ಲದ ತಿಟ್ಟೆಂದು ಯಾರಾದರೂ ತಿಳಿದಿದ್ದರೆ, 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆಯವರ ಗಾಂಭೀರ್ಯ ಮೇಲೋ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಮೇಲೋ ಎಂಬ ಪ್ರಶ್ನೆಯನ್ನು ಹೊನ್ನಾವರದ ಯಾವುದಾದರೂ ಚಹಾದಂಗಡಿಯಲ್ಲಿ ಎತ್ತಿ ನೋಡಬಹುದು. ಆದರೆ ಬಸ್ಸು ಹಿಡಿಯುವ ಆತುರವಿದ್ದವರು ಈ ಪ್ರಯೋಗ ಮಾಡಬಾರದು.

ಮರ್ಮಜ್ಞನ ವಿಶೇಷ ಪ್ರೌಢಿಮೆಯೆಂದರೆ ತಾನು ನೋಡದಿದ್ದ ಆಟಗಳ ಸ್ಮರಣೆ. ಬಡಗಿನ ಭಾಗವತ ಗುಂಡ್ಮಿ ಕಾಳಿಂಗ ನಾವುಡರು ಎಳೆಯ ಪ್ರಾಯದಲ್ಲಿ ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ಆಮೇಲೆ ಹುಟ್ಟಿದ ಮರ್ಮಜ್ಞನೂ ‘ನಾವುಡರು ಇದೇ ಪದ್ಯವನ್ನು ಎತ್ತುತ್ತಿದ್ದ ಕ್ರಮವೇ ಬೇರೆ’ ಎಂದು, ಪಕ್ಕದಲ್ಲೇ ಕೂತು ಕೇಳಿದವನಂತೆ ನಿಟ್ಟುಸಿರಿಡುತ್ತಾನೆ. ಅವನಿಗೆ ಆಧಾರ, ಸುರುಳಿ ಸಿಕ್ಕಿಕೊಳ್ಳುವ ಒಂದು ಹಳೆಯ ಕ್ಯಾಸೆಟ್ಟು ಮತ್ತು ಅದರಿಂದ ಮೊಬೈಲಿಗೆ ಇಳಿಸಿಕೊಂಡ ಕರಕರ ಧ್ವನಿ. ಅಲ್ಲಿಯೇ ಕೂತ ಹಿರಿಯ ಮರ್ಮಜ್ಞನೊಬ್ಬ ‘ನಾವುಡರು ಸರಿ, ಆದರೆ ಅವರ ಗುರುಗಳು ನಾರ್ಣಪ್ಪ ಉಪ್ಪೂರರು...’ ಎಂದು ವಾಕ್ಯವನ್ನು ಪೂರ್ತಿ ಮಾಡದೆ ಬಿಡುವುದುಂಟು; ಪೂರ್ತಿ ಮಾಡದಿರುವುದರಲ್ಲೇ ಅವನ ಗೆಲುವಿದೆ. ಬೆಳಕಿನ ವಿಷಯವೂ ಹೀಗೆಯೇ. ಬಯಲಾಟಕ್ಕೆ ಮೊದಲು ಎಣ್ಣೆಯ ದೀವಟಿಗೆಯೂ ಆಮೇಲೆ ಗ್ಯಾಸ್‌ಲೈಟೂ ಕೊನೆಗೆ ವಿದ್ಯುತ್ತೂ ಬಂದವು. ಟ್ಯೂಬ್‌ಲೈಟಿನ ಕೆಳಗೇ ಹುಟ್ಟಿ ಬೆಳೆದ ಮರ್ಮಜ್ಞನು ದೀವಟಿಗೆಯ ಬೆಳಕಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಹೇಗೆ ಕಾಣುತ್ತಿತ್ತೆಂಬುದನ್ನು ಕಣ್ಣು ಮುಚ್ಚಿ ವರ್ಣಿಸುತ್ತಾನೆ. ಶಿವರಾಮ ಕಾರಂತರ ಬಗ್ಗೆ ಅವನಿಗೆ ಭಕ್ತಿಯೂ ಸಿಟ್ಟೂ ಸಮಪಾಲು: ಯಕ್ಷಗಾನದ ಮೇಲೆ ಗ್ರಂಥ ಬರೆದದ್ದಕ್ಕೆ ಭಕ್ತಿ, ತಮ್ಮ ರಂಗಪ್ರಯೋಗಗಳಲ್ಲಿ ಪಿಟೀಲು-ಸ್ಯಾಕ್ಸೊಫೋನುಗಳನ್ನು ಸೇರಿಸಿಕೊಂಡದ್ದಕ್ಕೆ ಸಿಟ್ಟು. ಆ ಗ್ರಂಥವನ್ನು ಅವನು ಓದಿರುವನೇ ಎಂದು ವಿಚಾರಿಸುವುದು ಸೌಜನ್ಯವಲ್ಲ.

ರುಚಿಯ ಏಣಿಯಲ್ಲಿ ಅವನು ತನ್ನ ಮೆಟ್ಟಿಲನ್ನು ಜಾಣತನದಿಂದ ಆರಿಸಿಕೊಂಡಿರುತ್ತಾನೆ. ಹಾಸ್ಯಗಾರನಿಗೆ ನಗುವವರು ತಳದಲ್ಲಿ, ಕುಣಿತಕ್ಕೆ ಸೀಟಿ ಹೊಡೆಯುವವರು ಅವರಿಗಿಂತ ಒಂದು ಮೇಲೆ, ಪದ್ಯಕ್ಕೆ ತಲೆದೂಗುವವರು ಇನ್ನೊಂದು ಮೇಲೆ. ಅಲ್ಲಿಂದಾಚೆಗೆ ಬರುವುದು ಅರ್ಥ. ಪದ್ಯ ಬರೆದಿಟ್ಟದ್ದಾದರೂ ಅದರ ಮೇಲಿನ ಮಾತನ್ನು ಕಲಾವಿದನು ರಂಗದಲ್ಲಿಯೇ ಕಟ್ಟಬೇಕಾದ್ದರಿಂದ, ಎದುರು ಪಾತ್ರದ ಯುಕ್ತಿಗೆ ತಡೆಯದೆ ಪ್ರತಿಯುಕ್ತಿ ಹೂಡುವ ಅರ್ಥಧಾರಿಯ ಸಾಮರ್ಥ್ಯ ನಿಜಕ್ಕೂ ಬೆರಗಿನದು. ವೇಷವೂ ಕುಣಿತವೂ ಇಲ್ಲದೆ, ಪಂಚೆ-ಶಾಲುಗಳಲ್ಲಿ ಕುಳಿತು ಮಾತಿನಲ್ಲೇ ಪ್ರಸಂಗವನ್ನು ನಡೆಸುವ ತಾಳಮದ್ದಳೆಗೆ ಕೂಟವೆಂದು ಹೆಸರು. ‘ನಾನು ಆಟಕ್ಕೆ ಹೋಗುವುದು ಕಡಿಮೆ, ಕೂಟವಾದರೆ ಬಿಡುವುದಿಲ್ಲ’ ಎಂಬ ವಾಕ್ಯ ಉನ್ನತ ಪದವಿಯ ಪ್ರಮಾಣಪತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ವಾದವನ್ನು ಕೇಳಿದ ಮೇಲೆ ರಾಮನ ಪಕ್ಷವನ್ನು ಹಿಡಿಯಲು ಮನಸ್ಸೇ ಬಾರದೆಂದು ಹೇಳಿಕೊಳ್ಳುವ ಈ ವರ್ಗದವರು, ದೇವಸ್ಥಾನಕ್ಕೆ ಹೋದಾಗ ಮಾತ್ರ ರಾಮನಿಗೇ ಕೈಮುಗಿಯುತ್ತಾರೆ. ಏಣಿಯ ತುತ್ತತುದಿಯಲ್ಲಿರುವವನು ಆಟಕ್ಕೂ ಕೂಟಕ್ಕೂ ಹೋಗದೆ ಮನೆಯಲ್ಲೇ ಪ್ರಸಂಗದ ಪುಸ್ತಕವನ್ನು ಓದುತ್ತಾನೆ, ಮತ್ತು ಸಹಜವಾಗಿಯೇ ಅವನನ್ನು ಯಾರೂ ಮಾತಾಡಿಸುವುದಿಲ್ಲ.

ಇಡೀ ರಾತ್ರಿಯ ಆಟವೇ ಆಟ, ಸಂಜೆ ತೊಡಗಿ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಪ್ರಯೋಗವು ಬಾಯಿ ಮುಕ್ಕಳಿಸಿ ಊಟವಾಯಿತೆಂದು ಏಳುವಂತೆ ಎಂಬುದು ಅವನ ಸಿದ್ಧಾಂತ. ಮಳೆಗಾಲದಲ್ಲಿ ಮೇಳಗಳವರು ಬೆಂಗಳೂರಿಗೆ ಬಂದು ರವೀಂದ್ರ ಕಲಾಕ್ಷೇತ್ರದಲ್ಲಿ ಬೆಳಗಿನವರೆಗೆ ಆಡುವಾಗ, ಕುಂದಾಪುರದಿಂದಲೋ ಸಿದ್ದಾಪುರದಿಂದಲೋ ಹೋಗಿ ಅಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮರ್ಮಜ್ಞನು ಕೊರಳಿಗೆ ಗುರುತಿನ ಚೀಟಿಯನ್ನು ನೇತುಹಾಕಿಕೊಂಡೇ ಬಂದು ಈ ಸಿದ್ಧಾಂತವನ್ನು ಎತ್ತಿಹಿಡಿಯುತ್ತಾನೆ, ಮತ್ತು ಒಂದು ಗಂಟೆಯ ಹೊತ್ತಿಗೆ ಕುರ್ಚಿಯಲ್ಲೇ ಕುತ್ತಿಗೆ ವಾಲಿಸಿ ಗೊರಕೆ ಹೊಡೆಯುತ್ತಾನೆ. ಇದನ್ನು ಕಪಟವೆಂದು ಬಗೆಯಬಾರದು. ಆಟದಲ್ಲಿ ನಿದ್ರೆ ಮಾಡುವುದೂ ಒಂದು ವಿದ್ಯೆ. ಬಯಲಿನಲ್ಲಿ ಚಾಪೆ ಹಾಸಿ ಮಲಗಿದ ಹಳಬರು, ತಮಗೆ ಬೇಕಾದ ವೇಷದ ಪ್ರವೇಶಕ್ಕೆ ಚೆಂಡೆಯ ನಡೆ ಬದಲಾದೊಡನೆ ಯಾರೂ ತಟ್ಟಿ ಎಬ್ಬಿಸದೆ ಏಳುತ್ತಿದ್ದರು. ಮರ್ಮಜ್ಞನು ಎಚ್ಚರಗೊಳ್ಳುವುದು ಬಿಡ್ತಿಗೆಗೆ, ಎಂದರೆ ಪದ್ಯದ ನಡುವೆ ಅಥವಾ ಕೊನೆಯಲ್ಲಿ ಚೆಂಡೆ-ಮದ್ದಳೆಗಳು ವಿಶೇಷವಾಗಿ ನುಡಿಯುವ ಖಂಡಕ್ಕೆ; ಕಣ್ಣು ತೆರೆಯುವ ಮೊದಲೇ ‘ಅರ್ಧ ಅಕ್ಷರ ಹಿಂದೆ ಬಿತ್ತು’ ಎಂದು ಗೊಣಗುತ್ತಾನೆ. ಆಶ್ಚರ್ಯವೆಂದರೆ ಅದು ಹಲವು ಸಲ ನಿಜವೂ ಆಗಿರುತ್ತದೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಮೊಮ್ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಅಜ್ಜಿಯೊಬ್ಬರು, ಭಾಗವತರು ಪದ್ಯ ಎತ್ತುವ ಮೊದಲೇ ಅದರ ಮುಂದಿನ ಸಾಲನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿರುತ್ತಾರೆ. ಆದರೆ ಅಭಿಪ್ರಾಯ ಹೇಳುವ ಅಭ್ಯಾಸ ಅವರಿಗಿಲ್ಲದ ಕಾರಣ ಅವರನ್ನು ಮರ್ಮಜ್ಞರ ಪಟ್ಟಿಗೆ ಸೇರಿಸುವ ಪದ್ಧತಿಯಿಲ್ಲ.

ಚೌಕಿಯಲ್ಲಿ ಅವನನ್ನು ನೋಡಬೇಕು. ಚೌಕಿಯೆಂದರೆ ಬಣ್ಣದ ಮನೆ; ದೇವರ ಪೆಟ್ಟಿಗೆಯ ಎದುರು ಸಾಲಾಗಿ ಕುಳಿತ ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಬಣ್ಣದ ವೇಷದವನು ಅಕ್ಕಿಹಿಟ್ಟು-ಸುಣ್ಣ ಕಲಸಿದ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಕೆನ್ನೆಗಿಡುತ್ತ ಗಂಟೆಗಟ್ಟಲೆ ಕೂತಿರುವಾಗ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಮರ್ಮಜ್ಞನು ‘ಎಡಗಡೆ ಒಂದು ಸಾಲು ಕಡಿಮೆಯಾಯಿತೋ’ ಎಂದು ಸಂದೇಹಪಡುತ್ತಾನೆ. ಕಲಾವಿದನು ತುಟಿ ಅಲುಗಿಸುವಂತಿಲ್ಲದ ಕಾರಣ ಹ್ಞೂಂಗುಟ್ಟುತ್ತಾನೆ, ಮರ್ಮಜ್ಞನು ಅದನ್ನು ಶಾಸ್ತ್ರಚರ್ಚೆಯೆಂದು ಮರುದಿನ ಉಲ್ಲೇಖಿಸುತ್ತಾನೆ. ಕಲಾವಿದರು ಅವನನ್ನು ಸಹಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಮಳೆಗಾಲದ ಬರಗೆಟ್ಟ ತಿಂಗಳುಗಳಲ್ಲಿ ತನ್ನ ಮನೆಯ ಚಾವಡಿಯಲ್ಲಿ ಕೂಟವಿಡಿಸಿ, ಹೊಟ್ಟೆ ತುಂಬ ಊಟವಿಕ್ಕಿ, ಕೇಳಿದ್ದಕ್ಕಿಂತ ಹೆಚ್ಚು ಸಂಭಾವನೆ ಕೊಡುವವನೂ, ಕಾಲುನೋವಿನಿಂದ ಮೇಳ ಬಿಟ್ಟವನಿಗಾಗಿ ಚಂದಾ ಎತ್ತುವವನೂ ಅವನೇ. ಸೀಟಿ ಹೊಡೆದವರು ಬೆಳಗಾದ ಮೇಲೆ ಸಿಗುವುದಿಲ್ಲ.

ಅವನ ಸಂಯಮಕ್ಕೆ ನಿಜವಾದ ಪರೀಕ್ಷೆ ಬರುವುದು ತೆಂಕಿನ ದೇವೀ ಮಹಾತ್ಮೆಯ ಮಹಿಷಾಸುರನಿಂದ. ಕೋಡುಗಳುಳ್ಳ ಆ ವೇಷವು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದನ್ನು ಬಿಟ್ಟು, ದೂರದ ಗದ್ದೆಯಂಚಿನಿಂದ ದೊಂದಿಗಳ ಉರಿ, ರಾಳದ ಹೊಗೆ, ಪಟಾಕಿಗಳ ನಡುವೆ ಪ್ರೇಕ್ಷಕರನ್ನು ಸೀಳಿಕೊಂಡು ಆರ್ಭಟಿಸುತ್ತ ಬರುತ್ತದೆ. ಇದು ಅಗ್ಗದ ಗದ್ದಲ, ಅರ್ಥಕ್ಕೆ ಇಲ್ಲಿ ಜಾಗವೇ ಇಲ್ಲ ಎಂದು ಮರ್ಮಜ್ಞನು ಸಂಜೆಯಿಂದ ಮೂರು ಜನರಿಗೆ ತಿಳಿಸಿಯಾಗಿರುತ್ತದೆ. ಆದರೂ ಮೊದಲನೆಯ ಆರ್ಭಟ ಕೇಳಿಸಿದೊಡನೆ ಅವನು ಶಾಲನ್ನು ಬಿಸುಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ, ಮೊಬೈಲನ್ನು ತಲೆಯ ಮೇಲಕ್ಕೆತ್ತಿ, ಯಾರದೋ ಮಗುವಿನ ಸಮಕ್ಕೆ ಕಿರುಚುತ್ತಾನೆ. ‘ಕೂತ್ಕೊಳ್ಳಿ ಮಾರಾಯ್ರೆ, ಕಾಣುವುದಿಲ್ಲ’ ಎಂದು ಹಿಂದಿನವರು ಅಂಗಿ ಹಿಡಿದು ಜಗ್ಗಿದಾಗ ಇಳಿದು ಕೂತು, ತಾನು ಎದ್ದು ನಿಂತದ್ದು ದೊಂದಿಗಳನ್ನು ಸಂಪ್ರದಾಯದಂತೆ ಕಟ್ಟಿದ್ದಾರೋ ಇಲ್ಲವೋ ಎಂದು ಪರಿಶೀಲಿಸುವುದಕ್ಕಾಗಿ ಎಂದು ವಿವರಿಸುತ್ತಾನೆ.