ಸತ್ಯವೇದಪಾಠಕ ಲಕ್ಷಣಸಂಗ್ರಹ

ಪ್ರಥಮ ಪ್ರಕರಣ: ಉದ್ದೇಶ

ಯಾವ ಪದಾರ್ಥವನ್ನಾದರೂ ಶಾಸ್ತ್ರೀಯವಾಗಿ ಹಿಡಿಯಬೇಕಾದರೆ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಮೆಟ್ಟಿಲು ಹತ್ತಬೇಕೆಂದು ನೈಯಾಯಿಕರು ವಿಧಿಸಿದ್ದಾರೆ. ನಮ್ಮ ಹಿರಿಯರು ಆನೆ, ಕುದುರೆ, ರತ್ನಗಳನ್ನು ವಿಂಗಡಿಸಿದರು; ಮೈಮೇಲೆ ಬಿದ್ದ ಹಲ್ಲಿಯನ್ನೂ ಬಿಡಲಿಲ್ಲ. ಆದರೆ ಬೆಳಗಿನ ಕಾಫಿಗೆ ಮುಂಚೆ ಸತ್ಯವೇದ ಬಿಚ್ಚಿ ಕೂರುವ ಪ್ರಾಣಿಯ ಬಗ್ಗೆ ಶಾಸ್ತ್ರ ಮೌನವಾಗಿದೆ. ಆ ಕೊರತೆ ನೀಗುವುದೇ ಈ ಗ್ರಂಥದ ಉದ್ದೇಶ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಈ ಪ್ರಾಣಿ ಕರಾವಳಿಯಲ್ಲಿಯೂ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಚೆನ್ನಾಗಿ ವೃದ್ಧಿಯಾಗಿದೆ. ಮಾದರಿ ಹುಡುಕಿ ಕಾಡಿಗೆ ಹೋಗಬೇಕಾಗಿಲ್ಲ.

ದ್ವಿತೀಯ ಪ್ರಕರಣ: ಲಕ್ಷಣ

ಸತ್ಯವೇದವನ್ನು ಹಿಡಿದಿರುವವನೇ ಪಾಠಕ ಎಂದರೆ ಅತಿವ್ಯಾಪ್ತಿ ದೋಷ. ಭಾನುವಾರ ಜಿಪ್ ಕವರಿನೊಳಗೆ ಆರಾಧನೆಗೆ ಹೋಗಿ, ಜಿಪ್ ತೆರೆಯದೆಯೇ ಮನೆಗೆ ಮರಳುವ ಪ್ರತಿಗಳಿವೆ. ಪೂರ್ತಿ ಓದಿ ಮುಗಿಸಿದವನೇ ಪಾಠಕ ಎಂದರೆ ಅವ್ಯಾಪ್ತಿ ದೋಷ. ಜನವರಿ 1ರಂದು ಆದಿಕಾಂಡದಿಂದ ಹೊರಟವರಲ್ಲಿ ಬಹುಮಂದಿ ಯಾಜಕಕಾಂಡದ 13, 14ನೇ ಅಧ್ಯಾಯಗಳಲ್ಲಿ, ಅಂದರೆ ಚರ್ಮರೋಗ ಮತ್ತು ಮನೆಗೋಡೆಯ ಬೂಷ್ಟಿನ ನಡುವೆ, ಕಾಣೆಯಾಗುತ್ತಾರೆ. ಅಲ್ಲದೆ ಪೂರ್ತಿ ಎಂದರೆ ಎಷ್ಟು? ಪ್ರೊಟೆಸ್ಟಂಟರ ಲೆಕ್ಕದಲ್ಲಿ 66 ಪುಸ್ತಕ, ಕಥೋಲಿಕರ ಲೆಕ್ಕದಲ್ಲಿ 73.

ಆದ್ದರಿಂದ ಸಿದ್ಧಾಂತ ಹೀಗೆ: ಪಾಠಕನು ಓದಿದ ವಚನದಿಂದ ಅವನ ಜಾತಿ ತಿಳಿಯದು; ಅದರ ಪಕ್ಕದ ವಚನದೊಂದಿಗೆ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಿಂದಲೇ ತಿಳಿಯಬೇಕು.

ಪೌಲನು ಪತ್ರ ಬರೆದಾಗ ವಚನಗಳಿಗೆ ಸಂಖ್ಯೆ ಇರಲಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ನಿಜ, ಇರಲಿಲ್ಲ. ಇಂದಿನ ಅಧ್ಯಾಯಗಳು 13ನೇ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್‌ನ ವಿಂಗಡಣೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ 1551ರಲ್ಲಿ ಅಚ್ಚು ಹಾಕಿದ. ಪ್ಯಾರಿಸ್ಸಿನಿಂದ ಲಿಯೋನಿಗೆ ಪ್ರಯಾಣ ಮಾಡುತ್ತಲೇ ಅಪ್ಪ ಈ ಕೆಲಸ ಮಾಡಿದನೆಂದು ಅವನ ಮಗನೇ ಬರೆದಿಟ್ಟಿದ್ದಾನೆ. ಆ ಸಂಖ್ಯೆಗಳು ಬಂದದ್ದೇ ಬಂದದ್ದು, ಒಂದು ವಚನವನ್ನು ನೆರೆಹೊರೆಯಿಂದ ಕಿತ್ತು ಗೋಡೆಗೆ ಹಾಕುವುದು ಸುಲಭವಾಯಿತು.

ತೃತೀಯ ಪ್ರಕರಣ: ವಿಭಾಗ

ಒಂದು, ವಾಗ್ದಾನಜೀವಿ. ಆವಾಸ: ಕ್ಯಾಲೆಂಡರು, ಫ್ರಿಜ್ಜಿನ ಬಾಗಿಲು, ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ಕಾರ್ಡು. ಮುಖ್ಯ ಆಹಾರ: ಯೆರೆಮೀಯ 29:11. ದೇವರು ಒಳ್ಳೆಯ ಭವಿಷ್ಯವನ್ನೇ ಯೋಚಿಸಿದ್ದಾನೆ ಎಂಬರ್ಥದ ಈ ವಚನವನ್ನು ವೀಸಾ ಸಂದರ್ಶನದ ಹಿಂದಿನ ರಾತ್ರಿ ಸೇವಿಸುವುದುಂಟು. ಪಕ್ಕದ 10ನೇ ವಚನ ಮಾತ್ರ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅದು ಹೇಳುವ ಕಾಯುವ ಅವಧಿ 70 ವರ್ಷ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರವಿದು. ಅದನ್ನು ಓದಿಸಿ ಕೇಳಿದವರಲ್ಲಿ ಹೆಚ್ಚಿನವರು ಆ ಒಳ್ಳೆಯ ದಿನ ಕಾಣುವ ವಯಸ್ಸಿನವರಾಗಿರಲಿಲ್ಲ.

ಈ ಜಾತಿಯ ಆದಿಗುರು ಯಾರೆಂಬುದಕ್ಕೆ ಶಾಸ್ತ್ರಾಧಾರವಿದೆ. ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ದೇವದೂತರು ನಿನ್ನನ್ನು ಎತ್ತಿಹಿಡಿಯುವರೆಂಬ ವಾಗ್ದಾನವನ್ನು 91ನೇ ಕೀರ್ತನೆಯಿಂದ ಉದ್ಧರಿಸುತ್ತಾನೆ. 11 ಮತ್ತು 12ನೇ ವಚನ ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. 13ನೇ ವಚನ ಸರ್ಪವನ್ನು ಕಾಲಡಿ ತುಳಿಯುವ ವಿಷಯ.

ಎರಡು, ಶಕುನಜೀವಿ. ಕಣ್ಣು ಮುಚ್ಚಿ, ಪುಸ್ತಕ ತೆರೆದು, ಬೆರಳಿಡುತ್ತದೆ. ಮನೆ ಕೊಳ್ಳಬೇಕೆ, ಹುಡುಗನನ್ನು ಒಪ್ಪಬೇಕೆ ಎಂಬ ಪ್ರಶ್ನೆಗಳಿಗೆ ಬೆರಳು ಉತ್ತರ ಹೇಳಬೇಕು. ಬೆರಳು ಯೋಬನ ಹುಣ್ಣಿನ ಮೇಲೆ ಬಿದ್ದರೆ ಇನ್ನೊಮ್ಮೆ ತೆರೆಯುವುದಕ್ಕೆ ಅವಕಾಶವಿದೆ. ಇದರ ವಂಶ ಘನವಾದದ್ದು. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸಿ 1731ರಿಂದ ಪುಸ್ತಕವಾಗಿ ಅಚ್ಚು ಹಾಕುತ್ತಿದ್ದಾರೆ. ಲೌಕಿಕ ವ್ಯವಹಾರಕ್ಕೆ ಸುವಾರ್ತೆಯ ಹಾಳೆ ತಿರುವಿ ಭವಿಷ್ಯ ನೋಡುವುದು ತನಗೆ ಹಿಡಿಸದು ಎಂದು ಸಂತ ಅಗಸ್ಟೀನ್ ಒಂದು ಪತ್ರದಲ್ಲಿ ಬರೆದ. ಆದರೆ 386ರಲ್ಲಿ ಮಿಲಾನಿನ ತೋಟದಲ್ಲಿ ಪೌಲನ ಪತ್ರಗಳನ್ನು ತೆರೆದು, ಮೊದಲು ಕಣ್ಣಿಗೆ ಬಿದ್ದ ಸಾಲಿನಿಂದಲೇ ಬಾಳು ಬದಲಿಸಿಕೊಂಡವನೂ ಅವನೇ.

ಮೂರು, ವಂಶಾವಳಿಲಂಘಿ. ಮತ್ತಾಯನ ಮೊದಲ ಪುಟದ ಹೆಸರುಗಳನ್ನು ಕಂಡೊಡನೆ ನೆಗೆದು 18ನೇ ವಚನದ ಮೇಲೆ ಇಳಿಯುತ್ತದೆ. ಆ ನೆಗೆತದ ಕೆಳಗೆ ನಾಲ್ವರು ಹೆಂಗಸರು ಉಳಿದುಹೋಗುತ್ತಾರೆ: ಮಾವನಿಂದ ಮಕ್ಕಳನ್ನು ಪಡೆದ ತಾಮಾರಳು, ಯೆರಿಕೋವಿನ ವೇಶ್ಯೆ ರಾಹಾಬಳು, ಮೋವಾಬಿನಿಂದ ಬಂದ ವಿಧವೆ ರೂತಳು, ದಾವೀದನು ಅಪಹರಿಸಿದ ಊರೀಯನ ಹೆಂಡತಿ. ಮದುವೆ ಮಾತುಕತೆಯಲ್ಲಿ ಮನೆತನ ವಿಚಾರಿಸುವ ಹಿರಿಯರಲ್ಲಿ ಈ ಜಾತಿ ವಿಶೇಷವಾಗಿ ಕಾಣಿಸಿಕೊಳ್ಳುವುದು ಕೇವಲ ಕಾಕತಾಳೀಯವಿರಬಹುದು.

ನಾಲ್ಕು, ಅಂತ್ಯಕಾಲಗಣಕ. ದಾನಿಯೇಲ ಮತ್ತು ಪ್ರಕಟನೆ ಬಿಟ್ಟು ಬೇರೇನನ್ನೂ ಮೇಯದು. ಬಾರ್‌ಕೋಡಿನಲ್ಲೂ ಗುರುತಿನ ಚೀಟಿಯಲ್ಲೂ 666 ಹುಡುಕುತ್ತದೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನ ಅನುಯಾಯಿಗಳು ದಾನಿಯೇಲನ 2300 ದಿನಗಳನ್ನು ಗುಣಿಸಿ ಭಾಗಿಸಿ, 1844ರ ಅಕ್ಟೋಬರ್ 22ರಂದು ಕ್ರಿಸ್ತನ ಪುನರಾಗಮನಕ್ಕೆ ಕಾದು ಕುಳಿತರು. 23ನೇ ತಾರೀಕು ಎಂದಿನಂತೆ ಬೆಳಗಾಯಿತು. ಆ ದಿನ ಮಗನಿಗೂ ತಿಳಿಯದೆಂಬ ಮಾರ್ಕ 13:32 ಇವರ ಪಾಲಿಗೆ ಪಕ್ಕದ ವಚನ.

ಐದು, ದೃಷ್ಟಾಂತಪ್ರಿಯ. ಆವಾಸ: ಸಂಡೇ ಸ್ಕೂಲ್. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಹೇಗೆಂದು ಮಗು ಕೇಳಿದರೆ ನೀರು, ಮಂಜುಗಡ್ಡೆ, ಹಬೆ ಎಂದು ಥಟ್ಟನೆ ಉತ್ತರಿಸುತ್ತದೆ. ಒಬ್ಬನೇ ದೇವರು ಮೂರು ವೇಷದಲ್ಲಿ ಬರುತ್ತಾನೆಂದು ಕಲಿಸಿದ್ದಕ್ಕೆ 3ನೇ ಶತಮಾನದ ರೋಮಿನಲ್ಲಿ ಸಬೆಲಿಯಸ್ ಎಂಬವನನ್ನು ಸಭೆಯಿಂದ ಹೊರಗೆ ಹಾಕಿದರು. ನಮ್ಮ ಟೀಚರಮ್ಮನವರನ್ನು ಯಾರೂ ಹಾಕಿಲ್ಲ. ಮುಂದಿನ ಭಾನುವಾರ ಮಕ್ಕಳನ್ನು ನೋಡಿಕೊಳ್ಳಲು ಬೇರೆ ಜನ ಬೇಕಲ್ಲ. ಮತ್ತಾಯ 3:16, 17ರಲ್ಲಿ ಮಗ ನೀರಿನಿಂದ ಮೇಲೇಳುವಾಗಲೇ ಆತ್ಮ ಪಾರಿವಾಳದಂತೆ ಇಳಿಯುತ್ತದೆ, ಆಗಲೇ ಆಕಾಶದಿಂದ ತಂದೆಯ ದನಿ ಕೇಳಿಸುತ್ತದೆ. ಮೂರೂ ಏಕಕಾಲದಲ್ಲಿ, ಮಂಜುಗಡ್ಡೆ ಇಲ್ಲಿ ಕೆಲಸಕ್ಕೆ ಬಾರದು.

ಆರು, ನಿದ್ರಾಶ್ರಾವಕ. ತ್ರೋವದಲ್ಲಿ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಎಳೆದಾಗ ಕಿಟಕಿಯಲ್ಲಿ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ ಯೂತಿಖನು ಇದರ ಮೂಲಪುರುಷ. ಅವನನ್ನು ಬದುಕಿಸಿದ ಪೌಲನು ರೊಟ್ಟಿ ಮುರಿದು ತಿಂದು ಬೆಳಗಿನವರೆಗೂ ಮಾತು ಮುಂದುವರಿಸಿದನೆಂಬುದನ್ನು ಸಭಾಪಾಲಕರು ಗಮನಿಸಿಕೊಂಡಿದ್ದಾರೆ.

ಏಳು, ಅಲಿಪಿಯವರ್ಗ. ವಿರಳ. ಮಿಲಾನಿನ ತೋಟದಲ್ಲಿ ಅಗಸ್ಟೀನನ ಜೊತೆಗೆ ಅಲಿಪಿಯಸ್ ಎಂಬ ಸ್ನೇಹಿತನಿದ್ದ. ಎಲ್ಲಿ ಓದಿದೆ, ತೋರಿಸು ಎಂದು ಪುಸ್ತಕ ಇಸಿದುಕೊಂಡು, ಅಗಸ್ಟೀನ್ ನಿಲ್ಲಿಸಿದ ಕಡೆಯಿಂದ ಮುಂದಿನ ಸಾಲನ್ನೂ ಓದಿದ. ನಂಬಿಕೆಯಲ್ಲಿ ದೃಢವಿಲ್ಲದವರನ್ನು ಸೇರಿಸಿಕೊಳ್ಳಬೇಕೆಂಬ ಮಾತು ಅಲ್ಲಿತ್ತು. ಅದು ತನ್ನ ಬಗ್ಗೆಯೇ ಇದೆ ಎಂದುಕೊಂಡ. ಇಂದಿನ ಪ್ರತಿಗಳಲ್ಲಿ ಸರಿಯಾಗಿ ಅಗಸ್ಟೀನ್ ನಿಲ್ಲಿಸಿದ ಕಡೆಯೇ ಅಧ್ಯಾಯ ಮುಗಿಯುತ್ತದೆ. ಲ್ಯಾಂಗ್ಟನ್ ಒಂಬತ್ತು ಶತಮಾನ ಮುಂಚೆ ಹುಟ್ಟಿದ್ದರೆ ಅಲಿಪಿಯಸ್ಸನಿಗೆ ಪಾಲು ಸಿಗುತ್ತಿತ್ತೋ ಇಲ್ಲವೋ.

ಚತುರ್ಥ ಪ್ರಕರಣ: ಪರೀಕ್ಷೆ

ಸಂಶಯಾಸ್ಪದ ಮಾದರಿ ಸಿಕ್ಕಾಗ 137ನೇ ಕೀರ್ತನೆಯನ್ನು ಕೊಟ್ಟು ನೋಡಬೇಕು. ಒಟ್ಟು ಒಂಬತ್ತೇ ವಚನ. ಬಾಬೆಲಿನ ನದಿಗಳ ಬಳಿಯ ಅಳುವಿನಿಂದ ಶುರುವಾಗುತ್ತದೆ. ಶತ್ರುಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನೆಂದು ಮುಗಿಯುತ್ತದೆ. ವಾಗ್ದಾನಜೀವಿಯ ಕಾರ್ಡಿಗೆ ಇದು ಒಗ್ಗದು. ಶಕುನಜೀವಿ ಮತ್ತೆ ಕಣ್ಣು ಮುಚ್ಚುತ್ತದೆ. ಗಣಕ ಬಾಬೆಲು ಈಗಿನ ಯಾವ ದೇಶವೆಂದು ನಕ್ಷೆ ತೆಗೆಯುತ್ತದೆ. ಲಂಘಿ ನೆಗೆಯುತ್ತದೆ, ಆ ಕುರಿತು ಅದನ್ನೊಂದನ್ನೇ ದೂರುವಂತಿಲ್ಲ, ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಿದ ಕಥೋಲಿಕರ ದೈನಂದಿನ ಪ್ರಾರ್ಥನಾಪುಸ್ತಕವೇ ಕೊನೆಯ ಮೂರು ವಚನ ಬಿಟ್ಟಿದೆ.

ಇಲ್ಲೊಂದು ಪೂರ್ವಪಕ್ಷ: ಓದು ಬಾರದ ಅಜ್ಜಿಯಂದಿರು ಯಾವ ಜಾತಿ? ಉತ್ತರ: ಕೇಳಿ ಕೇಳಿ ಕಂಠಪಾಠ ಮಾಡಿದವರಿಗೆ ನಡುವಿನ ವಚನ ಹಾರಿಸಿದರೆ ಮುಂದಿನದು ನಾಲಿಗೆಗೆ ಬರುವುದಿಲ್ಲ. ಆದ್ದರಿಂದ ಅವರು ಬಹುಮಟ್ಟಿಗೆ ಏಳನೆಯ ವರ್ಗದವರು.

ಕೊನೆಯದಾಗಿ ಒಂದು ಸೂಚನೆ. ಯೆರೆಮೀಯನ ಅದೇ ಪತ್ರದಲ್ಲಿ, 29:7ರಲ್ಲಿ, ಸೆರೆಯೊಯ್ದ ಬಾಬೆಲ್ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಅಪ್ಪಣೆಯಿದೆ. ಆ ಅಪ್ಪಣೆ ಪಡೆದದ್ದೂ 137ನೇ ಕೀರ್ತನೆಯ ಶಾಪ ಹಾಕಿದ್ದೂ ಒಂದೇ ಬಾಬೆಲಿನಲ್ಲಿ ಸೆರೆಯಾದ ಜನ. ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದಿಟ್ಟಿದ್ದಾರೆ. ಎರಡನ್ನೂ ಒಂದೇ ಬೆಳಿಗ್ಗೆ ಓದಿದವನಿಗೆ ಕಾಫಿ ಆರುವುದರೊಳಗೆ ಒಳಗೊಂದು ಜಗಳ ಶುರುವಾಗುತ್ತದೆ. ಅದಕ್ಕೆ ದೇವಶಾಸ್ತ್ರವೆಂದು ಹೆಸರು. ಪದವಿ ಬೇಕಾದವರು ಮಾತ್ರ ಕಾಲೇಜಿಗೆ ಹೋಗಲಿ.